ಬಿಚ್ಚುವ ಮೊದಲು ಗುರುತಿಸಿ: ಹಳೆ ಕ್ರೋನೊಗ್ರಾಫ್ ವಾಚುಗಳ ರಿಪೇರಿಗೆ ಸಮಗ್ರ ಮಾರ್ಗದರ್ಶಿ

ಕುಂಬಳೆಯಿಂದ ಒಂದು, ಬದಿಯಡ್ಕದಿಂದ ಒಂದು, ಮಂಜೇಶ್ವರದಿಂದ ಎರಡು. ಕಳೆದ ಮಳೆಗಾಲದಿಂದ ಅರ್ಧ ಬಿಚ್ಚಿದ ಕ್ರೋನೊಗ್ರಾಫ್ ವಾಚುಗಳು, ಅಂದರೆ ಸ್ಟಾಪ್‌ವಾಚ್ ಕೂಡ ಇರುವ ಕೈಗಡಿಯಾರಗಳು, ಡಬ್ಬಿಯಲ್ಲಿ ತುಂಬಿಕೊಂಡು ನನ್ನ ಮೇಜಿಗೆ ಬರುತ್ತಲೇ ಉಂಟು. ಹೆಚ್ಚಿನವು ಗಲ್ಫಿನಿಂದ ಅಪ್ಪನೋ ಮಾವನೋ ತಂದದ್ದು. ಕೆಲವು ಹಳೆ ಸಾಮಾನಿನ ಜೊತೆ ಕೊಂಡದ್ದು. ಬಿಚ್ಚಿದವರು ಯಾರೂ ಅಜಾಗರೂಕರಲ್ಲ. ಎಚ್‌ಎಂಟಿ ಜನತಾ ಬಿಚ್ಚಿ ಜೋಡಿಸಿ ಕೈ ಪಳಗಿದವರೇ. ಆದರೂ ಎಲ್ಲರೂ ಎಡವಿದ್ದು ಎರಡೇ ಜಾಗದಲ್ಲಿ. ಒಂದು, ಮೂವ್‌ಮೆಂಟ್, ಅಂದರೆ ಒಳಗಿನ ಯಂತ್ರ, ಯಾವ ಬಗೆಯದ್ದು ಎಂದು ಸರಿಯಾಗಿ ಗುರುತಿಸದೆ ಭಾಗ ತರಿಸಿದ್ದು. ಎರಡು, ತಿರುಗಿಸಬಾರದ ಸ್ಕ್ರೂ ತಿರುಗಿಸಿದ್ದು. ಈ ಬರಹದ ಮುಕ್ಕಾಲು ಪಾಲು ಆ ಎರಡರ ಬಗ್ಗೆಯೇ.

ಸಾಮಾನ್ಯ ಕೈಗಡಿಯಾರವನ್ನು ಪೂರ್ತಿ ಬಿಚ್ಚಿ, ತೊಳೆದು, ಜೋಡಿಸಿ, ಅದು ಸರಿಯಾದ ಸಮಯ ತೋರಿಸುವಂತೆ ಕನಿಷ್ಠ ಹತ್ತು ಸಲ ಮಾಡದವರು ಕ್ರೋನೊಗ್ರಾಫ್‌ಗೆ ಕೈ ಹಾಕಬೇಡಿ. ದಯವಿಟ್ಟು.

## ಮೇಜಿನ ಮೇಲೆ ಏನೇನು ಬೇಕು

0.8, 1.0, 1.2, 1.4, 1.6 ಮಿಲಿಮೀಟರ್ ಅಳತೆಯ ಸ್ಕ್ರೂಡ್ರೈವರ್‌ಗಳು. ಬಾಯಿ ಸವೆದಿದ್ದರೆ ಮೊದಲು ಮಸೆದುಕೊಳ್ಳಿ. ಉಕ್ಕಿನ ಚಿಮುಟ ಒಂದು, ಹಿತ್ತಾಳೆಯದ್ದು ಒಂದು. 5 ಪಟ್ಟು ಮತ್ತು 10 ಪಟ್ಟು ದೊಡ್ಡದು ತೋರಿಸುವ ಕಣ್ಣುಗಾಜು. ಮುಳ್ಳು ಎತ್ತುವ ಸಾಧನ, ಮೂವ್‌ಮೆಂಟ್ ಹಿಡಿಕೆ, ಮುಖ್ಯ ಸ್ಪ್ರಿಂಗ್ ಸುತ್ತುವ ಸಾಧನ, ಗಾಳಿ ಊದುವ ರಬ್ಬರ್ ಬುರುಡೆ, ಮರದ ಕಡ್ಡಿಗಳು. ಬಿಚ್ಚಿದ ಭಾಗ ಇಡಲು ಹತ್ತಿಪ್ಪತ್ತು ಗುಳಿಗಳಿರುವ ಮುಚ್ಚಳದ ತಟ್ಟೆ. ಅಳೆಯಲು ಡಿಜಿಟಲ್ ಕ್ಯಾಲಿಪರ್. ಮತ್ತೆ ಟೈಮ್‌ಗ್ರಾಫರ್, ಅಂದರೆ ವಾಚಿನ ಬಡಿತ ಕೇಳಿ ಅದರ ಓಟ ಅಳೆಯುವ ಯಂತ್ರ. ಅದು ಇಲ್ಲದೆ ಈ ಕೆಲಸ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದಂತೆ.

ವೇಗವಾಗಿ ತಿರುಗುವ ಸಣ್ಣ ಮೊನೆಗಳಿಗೆ ಮೋಬಿಯಸ್ 9010, ನಿಧಾನವಾಗಿ ಭಾರ ಹೊರುವ ಜಾಗಗಳಿಗೆ ಡಿ5 ಅಥವಾ ಎಚ್‌ಪಿ1300, ಪ್ಯಾಲೆಟ್ ಫೋರ್ಕಿನ (ಬ್ಯಾಲೆನ್ಸ್ ಚಕ್ರವನ್ನು ತಳ್ಳುವ ಕವಲಿನ) ಕಲ್ಲುಗಳಿಗೆ 9415. ಇಷ್ಟು ಎಣ್ಣೆ ಸಾಕು.

ನಮ್ಮ ಕರಾವಳಿಯವರಿಗೆ ಇನ್ನೆರಡು ಬೇಕು. ಬೆರಳಿಗೆ ಹಾಕುವ ರಬ್ಬರ್ ಟೋಪಿ ಮತ್ತು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯಲ್ಲಿ ಬೆವರು ಮುಟ್ಟಿದ ಉಕ್ಕಿನ ಲಿವರ್ ಬೇಗನೇ ಕೆಂಪು ಚುಕ್ಕೆ ಹಿಡಿಯುತ್ತದೆ. ಬಿಚ್ಚಿದ ಮೂವ್‌ಮೆಂಟನ್ನು ಮಳೆಗಾಲದಲ್ಲಿ ಮೇಜಿನ ಮೇಲೆ ಬಿಟ್ಟು ಮಲಗಲೇಬೇಡಿ.

## ಹಂತ 1: ಬೆನ್ನು ತೆಗೆಯುವ ಮೊದಲೇ ಗುಂಡಿ ಒತ್ತಿ ನೋಡಿ

ಕೀ ಕೊಟ್ಟು ಗುಂಡಿಗಳನ್ನು ಒತ್ತಿ. ಏನಾಗುತ್ತದೆ ಎಂದು ಬರೆದುಕೊಳ್ಳಿ. ಮೇಲಿನ ಗುಂಡಿಗೆ ಶುರುವಾಯಿತೇ? ಅದಕ್ಕೇ ನಿಂತಿತೇ? ಕೆಳಗಿನದಕ್ಕೆ ಎಲ್ಲ ಮುಳ್ಳು ಸೊನ್ನೆಗೆ ಬಂತೇ? ಓಡುತ್ತಿರುವಾಗ ಕೆಳಗಿನ ಗುಂಡಿ ಮಾತ್ರ ಒತ್ತಬೇಡಿ. ಫ್ಲೈಬ್ಯಾಕ್ (ಓಡುತ್ತಿರುವಾಗಲೇ ಸೊನ್ನೆಗೆ ತರಬಹುದಾದ ಬಗೆ) ಅಲ್ಲದ ವಾಚಿನಲ್ಲಿ ಅದು ಹಾನಿ ಮಾಡಬಹುದು.

ಇಲ್ಲೇ ಮೊದಲ ಬಲೆ. ಲ್ಯಾಂಡೆರಾನ್ 48 ಎಂಬ ಮೂವ್‌ಮೆಂಟ್ ಇರುವ ವಾಚು ಹಳೆ ಸಾಮಾನಿನಲ್ಲಿ ಜಾಸ್ತಿ ಸಿಗುತ್ತದೆ. ಅದರಲ್ಲಿ ಮೇಲಿನ ಗುಂಡಿ ಶುರು ಮಾಡುತ್ತದೆ, ಅಷ್ಟೇ. ಈಗ ಹೇಳಿದ್ದಕ್ಕೆ ಇದೊಂದು ಅಪವಾದ, ಓಡುವಾಗ ನಿಲ್ಲಿಸುವುದು ಕೆಳಗಿನ ಗುಂಡಿಯೇ. ಅದನ್ನೇ ಇನ್ನೊಮ್ಮೆ ಒತ್ತಿದರೆ ಸೊನ್ನೆಗೆ ಬರುತ್ತದೆ. ಅದು ಕೆಟ್ಟದ್ದಲ್ಲ, ಅದನ್ನು ಮಾಡಿದ್ದೇ ಹಾಗೆ. ನನಗೆ ಸಿಕ್ಕಿದ ಮೊದಲ ಕ್ರೋನೊಗ್ರಾಫ್ ಅದೇ. ಮೇಲಿನ ಗುಂಡಿಯಲ್ಲಿ ನಿಲ್ಲುತ್ತಿಲ್ಲ ಎಂದು ಲಿವರ್ ಹತ್ತಿರದ ಒಂದು ಸ್ಕ್ರೂ ತಿರುಗಿಸಿದೆ. ಚೆನ್ನಾಗಿ ಓಡುತ್ತಿದ್ದ ವಾಚು ಓಡದಾಯಿತು. ಮತ್ತೆ ಸರಿದಾರಿಗೆ ತರಲು ಎರಡು ತಿಂಗಳು ಬೇಕಾಯಿತು. ಆ ವಾಚಿಗೆ ನಾನು ಮಾಡಿದ ಅನ್ಯಾಯ ಇವತ್ತಿಗೂ ಮನಸ್ಸಿನಲ್ಲಿ ಉಂಟು.

ಇನ್ನೊಂದು, ಸೀಕೋ 6139. ಗಲ್ಫಿನಿಂದ ಬಂದ ಪೆಟ್ಟಿಗೆಗಳಲ್ಲಿ ಇದನ್ನು ನಾನು ಹಲವು ಸಲ ಕಂಡಿದ್ದೇನೆ. ಕಿರೀಟ (ಬದಿಯ ಕೀ ಗುಬ್ಬಿ) ತಿರುಗಿಸಿದರೆ ಇದಕ್ಕೆ ಕೀ ಕೊಡಲು ಆಗುವುದಿಲ್ಲ. ಪೂರ್ತಿ ಆಟೋಮ್ಯಾಟಿಕ್. ಕಿರೀಟ ಒತ್ತಿದರೆ ವಾರ, ತಾರೀಕು ಬದಲಾಗುತ್ತವೆ. ಸದಾ ಓಡುವ ಸೆಕೆಂಡ್ ಮುಳ್ಳೂ ಇಲ್ಲ, ನಡುವಿನ ಮುಳ್ಳು ಕ್ರೋನೊಗ್ರಾಫಿನದ್ದೇ. ಇದು ಗೊತ್ತಿಲ್ಲದೆ "ಕೀ ಹತ್ತುವುದಿಲ್ಲ, ಸೆಕೆಂಡ್ ಮುಳ್ಳು ನಿಂತಿದೆ" ಎಂದು ಬಿಚ್ಚಿದ ವಾಚುಗಳನ್ನು ಎಷ್ಟೋ ನೋಡಿದ್ದೇನೆ.

## ಹಂತ 2: ಮೂವ್‌ಮೆಂಟ್ ಯಾವುದೆಂದು ಗುರುತಿಸಿ

ಡಯಲ್ ಮೇಲಿನ ಹೆಸರನ್ನು ನಂಬಬೇಡಿ. ಒಂದೇ ಕಾರ್ಖಾನೆಯ ಮೂವ್‌ಮೆಂಟ್ ಹತ್ತಾರು ಬ್ರ್ಯಾಂಡುಗಳ ವಾಚಿನಲ್ಲಿ ಇರುತ್ತದೆ. ಸಂಖ್ಯೆ ಸಾಮಾನ್ಯವಾಗಿ ಬ್ಯಾಲೆನ್ಸ್ ಚಕ್ರದ (ಆಚೆ ಈಚೆ ತೂಗುತ್ತಾ ವೇಗ ನಿರ್ಧರಿಸುವ ಚಕ್ರದ) ಕೆಳಗೆ, ಮುಖ್ಯ ಪ್ಲೇಟಿನ ಮೇಲೆ ಅಚ್ಚಾಗಿರುತ್ತದೆ. ಟಾರ್ಚ್ ಓರೆಯಾಗಿ ಹಿಡಿದು ಬ್ಯಾಲೆನ್ಸಿನ ಕಡ್ಡಿಗಳ ನಡುವೆ ನೋಡಿ. ಅಲ್ಲಿ ನಕ್ಷತ್ರದ ಗುರುತಿದ್ದರೆ ಅದು ವೀನಸ್ ಕಾರ್ಖಾನೆಯದ್ದು.

ಸಂಖ್ಯೆ ಕಾಣದಿದ್ದರೆ ಹೀಗೆ ಮಾಡಿ. ಕ್ಯಾಲಿಪರ್‌ನಲ್ಲಿ ಮೂವ್‌ಮೆಂಟಿನ ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ ತೆಗೆದು 2.2558ರಿಂದ ಭಾಗಿಸಿ, ಲಿನ್ಯ್ ಅಳತೆ ಸಿಗುತ್ತದೆ. ಹಳೆ ಪಟ್ಟಿಗಳೆಲ್ಲ ಆ ಅಳತೆಯಲ್ಲೇ ಇವೆ. ಡಯಲ್ ತೆಗೆದ ಮೇಲೆ ಕಿರೀಟದ ಕಡ್ಡಿಯ ಹತ್ತಿರ ಇರುವ ಸೆಟ್ಟಿಂಗ್ ಲಿವರ್ ಸ್ಪ್ರಿಂಗಿನ ಆಕಾರ ನೋಡಿ. ಅದು ಮೂವ್‌ಮೆಂಟಿನ ಹೆಬ್ಬೆಟ್ಟಿನ ಗುರುತು ಇದ್ದಂತೆ. ಸದ್ದೂ ಸಹಾಯ ಮಾಡುತ್ತದೆ. ಗಂಟೆಗೆ 18,000 ಬಡಿತದ್ದು ಸೆಕೆಂಡಿಗೆ 5 ಸಲ, 21,600ರದ್ದು 6 ಸಲ, 28,800ರದ್ದು 8 ಸಲ ಬಡಿಯುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನಿಧಾನ ವೇಗದಲ್ಲಿ ಕೇಳಿದರೆ ಎಣಿಸಬಹುದು.

ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ಶುರು ಮಾಡು, ನಿಲ್ಲಿಸು ಎಂಬ ಆಜ್ಞೆಯನ್ನು ಲಿವರುಗಳಿಗೆ ಕೊಡುವುದು ಯಾವುದು? ಕೋಟೆಯ ಬುರುಜಿನಂತೆ ಕಂಬಗಳು ನಿಂತಿರುವ ಸಣ್ಣ ಚಕ್ರ ಕಂಡರೆ ಕಾಲಮ್ ವೀಲ್. ವಾಲ್‌ಜೂ ಎಂಬ ಕಾರ್ಖಾನೆಯ 23 ಮತ್ತು 72, ವೀನಸ್ 175, ಒಮೆಗಾ 321, ಸೀಕೋ 6139 ಈ ಸಾಲಿಗೆ ಸೇರಿದವು. ಚಪ್ಪಟೆ ತಗಡುಗಳು ಆಚೆ ಈಚೆ ಸರಿಯುತ್ತಿದ್ದರೆ ಕ್ಯಾಮ್. ಲ್ಯಾಂಡೆರಾನ್ 48, ವೀನಸ್ 188, ವಾಲ್‌ಜೂ 7733, ಒಮೆಗಾ 861, ವಾಲ್‌ಜೂ 7750 ಅಂಥವು.

ವಾಚಿನಿಂದ ಕ್ರೋನೊಗ್ರಾಫಿಗೆ ಶಕ್ತಿ ಹೇಗೆ ದಾಟುತ್ತದೆ? ಹಳೆಯ ಹೆಚ್ಚಿನವುಗಳಲ್ಲಿ ಒಂದು ಚಕ್ರ ಪಕ್ಕದಿಂದ ಸರಿದು ಹಲ್ಲಿಗೆ ಹಲ್ಲು ಸೇರುತ್ತದೆ. 7750ರಲ್ಲಿ ಒಂದು ಪಿನಿಯನ್ (ಸಣ್ಣ ಹಲ್ಲುಚಕ್ರ) ವಾಲಿ ಸೇರುತ್ತದೆ. ಆ ಉಪಾಯಕ್ಕೆ 1887ರಲ್ಲೇ ಹೋಯರ್ ಎಂಬ ಸ್ವಿಸ್ ಕಂಪೆನಿ ಪೇಟೆಂಟ್ ಪಡೆದಿತ್ತು. 1969ರಲ್ಲಿ ಬಂದ ಸೀಕೋ 6139ರಲ್ಲಿ ಮತ್ತು ಸಿಟಿಜನ್ 8110ರಲ್ಲಿ ಕ್ಲಚ್ ಮೇಲೆ ಕೆಳಗೆ ಒತ್ತಿಕೊಳ್ಳುತ್ತದೆ.

ಡಯಲಿನೊಳಗಿನ ಸಣ್ಣ ಡಯಲುಗಳು ಎಷ್ಟು? ವಾಲ್‌ಜೂ 72 ಎಂದರೆ 23ಕ್ಕೆ ಗಂಟೆ ಎಣಿಸುವ ಭಾಗ ಸೇರಿಸಿದ್ದು. ಆ ಹೆಚ್ಚುವರಿ ಭಾಗಗಳು ಡಯಲಿನ ಅಡಿಯಲ್ಲಿ ಇರುತ್ತವೆ. ಬೆನ್ನಿನ ಕಡೆಯಿಂದ ಎರಡೂ ಒಂದೇ ಥರ ಕಾಣುತ್ತವೆ.

## ಹಂತ 3: ಒಂದೇ ಮನೆತನ, ಬೇರೆ ಬೇರೆ ಭಾಗ

ಭಾಗ ತರಿಸುವಾಗ ಆಗುವ ನಷ್ಟವೆಲ್ಲ ಇಲ್ಲೇ. ಕಣ್ಣಿಗೆ ಅಣ್ಣ ತಮ್ಮಂದಿರಂತೆ ಕಾಣುವ ಮೂವ್‌ಮೆಂಟುಗಳ ಭಾಗಗಳು ಒಂದಕ್ಕೊಂದು ಆಗುವುದಿಲ್ಲ.

ವೀನಸ್ ಕಂಪೆನಿ 1966ರಲ್ಲಿ ವಾಲ್‌ಜೂ ಕೈಗೆ ಬಂತು. ವೀನಸ್ 188 ಎಂಬುದು ವಾಲ್‌ಜೂ 7730 ಆಯಿತು. ಅದನ್ನು ತಿದ್ದಿ 7733 ಮಾಡಿದರು. ತಾರೀಕು ಸೇರಿಸಿದ್ದು 7734, ಗಂಟೆ ಎಣಿಸುವುದು 7736. ಮಾರುವವರು ಈ ಎಲ್ಲವನ್ನೂ "7730 ಸೀರೀಸ್" ಎಂದುಬಿಡುತ್ತಾರೆ. ಅಷ್ಟಕ್ಕೇ ಒಪ್ಪಬೇಡಿ. ನಿಮ್ಮ ಪ್ಲೇಟಿನ ಮೇಲಿನ ಪೂರ್ತಿ ಸಂಖ್ಯೆ ಹೇಳಿ, ಹಳೆ ಭಾಗದ ಫೋಟೋ ಕಳಿಸಿ, ಅವರ ಭಾಗದ ಫೋಟೋ ತರಿಸಿಕೊಂಡು, ತೂತುಗಳ ಜಾಗ ಹೊಂದಿಸಿ ನೋಡಿದ ಮೇಲೆಯೇ ದುಡ್ಡು ಕೊಡಿ.

ರಷ್ಯಾದ ಪೋಲ್ಯೋತ್ 3133 ಹುಟ್ಟಿದ್ದು 7734ರಿಂದ. ನೋಡಲು ತದ್ರೂಪು. ಆದರೆ 7734 ಗಂಟೆಗೆ 18,000 ಬಡಿಯುತ್ತದೆ, 3133 ಬಡಿಯುವುದು 21,600. ಹಾಗಾಗಿ ಒಂದರ ಬ್ಯಾಲೆನ್ಸ್ ಇನ್ನೊಂದಕ್ಕೆ ಹಾಕಿದರೆ ವಾಚು ಎಂದೂ ಸರಿಯಾದ ಸಮಯ ತೋರಿಸುವುದಿಲ್ಲ. ಇದೇ ಮಾತು ವೀನಸ್ 175ಕ್ಕೂ ಚೀನಾದ ಸೀಗಲ್ ಎಸ್‌ಟಿ19ಕ್ಕೂ ಅನ್ವಯಿಸುತ್ತದೆ. ವೀನಸ್ 175ರ ಯಂತ್ರಗಳು ತಿಯಾಂಜಿನ್‌ಗೆ ಹೋಗಿ ಅಲ್ಲಿ ಇದರ ವಂಶ ಮುಂದುವರಿಯಿತು. ಹಳೆಯದ್ದು 18,000, ಈಗಿನದ್ದು 21,600. ಆದರೂ ಎಸ್‌ಟಿ19ರಿಂದ ಒಂದು ದೊಡ್ಡ ಉಪಕಾರ ಉಂಟು. ಕಡಿಮೆ ಬೆಲೆಗೆ ಹೊಸದು ಸಿಗುತ್ತದೆ. ಕಾಲಮ್ ವೀಲ್ ಕ್ರೋನೊಗ್ರಾಫ್ ಕಲಿಯಲು ಮೊದಲು ಅದನ್ನೇ ನಾಲ್ಕು ಸಲ ಬಿಚ್ಚಿ ಜೋಡಿಸಿ. ಅಜ್ಜನ ವಾಚಿನ ಮೇಲೆ ಕಲಿಯಬೇಡಿ.

ಒಮೆಗಾ 321 ಮತ್ತು 861 ಎರಡೂ ಲೆಮಾನಿಯಾ ಎಂಬ ಕಾರ್ಖಾನೆ ಮಾಡಿದ್ದು. ಮೊದಲನೆಯದರಲ್ಲಿ ಕಾಲಮ್ ವೀಲ್, 18,000 ಬಡಿತ. 1968ರಲ್ಲಿ ಬಂದ ಎರಡನೆಯದರಲ್ಲಿ ಕ್ಯಾಮ್, 21,600. 861ರಲ್ಲೇ ಬ್ರೇಕ್ ಲಿವರ್ ಕೆಲವದರಲ್ಲಿ ಲೋಹದ್ದು, ಕೆಲವದರಲ್ಲಿ ಪ್ಲಾಸ್ಟಿಕ್ಕಿನದ್ದು. ಪ್ಲಾಸ್ಟಿಕ್ ಕಂಡ ಕೂಡಲೇ "ಯಾರೋ ನಕಲಿ ಹಾಕಿದ್ದಾರೆ" ಎಂದು ಕಿತ್ತು ಎಸೆಯಬೇಡಿ. ಅದು ಕಾರ್ಖಾನೆಯದ್ದೇ.

ಒಂದೇ ಸಂಖ್ಯೆಯ ಒಳಗೂ ಬದಲಾವಣೆ ಇರುತ್ತದೆ. ಸೀಕೋ 6139ರಲ್ಲಿ ಎ ಮತ್ತು ಬಿ ಎಂಬ ಎರಡು ಬಗೆ. ಬೆನ್ನ ಮುಚ್ಚಳದ 6139-6002 ಥರದ ಸಂಖ್ಯೆಯಲ್ಲಿ ಮೊದಲ ನಾಲ್ಕು ಅಂಕೆ ಮೂವ್‌ಮೆಂಟಿನದ್ದು, ಮುಂದಿನದು ಕೇಸಿನದ್ದು. ಎ ಯೋ ಬಿ ಯೋ ಎಂಬುದಕ್ಕೆ ಮೂವ್‌ಮೆಂಟಿನ ಮೇಲಿನ ಅಕ್ಷರವನ್ನೇ ನೋಡಬೇಕು. ಹಳೆ ಸ್ವಿಸ್ ಮೂವ್‌ಮೆಂಟುಗಳಲ್ಲಿ ಬ್ಯಾಲೆನ್ಸಿಗೆ ಇನ್ಕಾಬ್ಲಾಕ್ ಥರದ ಆಘಾತ ತಡೆ ಉಂಟೋ ಇಲ್ಲವೋ ನೋಡಿ. ಉಂಟಾದರೆ ಬ್ಯಾಲೆನ್ಸಿನ ಕಂಬಿ (ಅಚ್ಚು) ಒಂದು ಬಗೆ, ಇಲ್ಲದಿದ್ದರೆ ಇನ್ನೊಂದು ಬಗೆ.

ಎಚ್ಚರಿಕೆಯ ಗುರುತುಗಳು: ಡಯಲ್ ಕಾಲುಗಳನ್ನು ಕತ್ತರಿಸಿ ಅಂಟು ಹಾಕಿರುವುದು. ಸಣ್ಣ ಡಯಲಿನ ನಡುವಿನ ತೂತು ಕಂಬಿಗೆ ಸರಿಯಾಗಿ ಕೂರದೆ ಪಕ್ಕಕ್ಕೆ ವಾಲಿರುವುದು. ಹೊಸದಾಗಿ ಬಣ್ಣ ಹೊಡೆದು ಅಕ್ಷರ ದಪ್ಪವಾಗಿರುವುದು. ಸೀಕೋದಲ್ಲಿ ಸೀರಿಯಲ್ ಸಂಖ್ಯೆಯ ಮೊದಲ ಅಂಕೆ ವರ್ಷದ ಕೊನೆಯ ಅಂಕೆ, ಎರಡನೆಯದು ತಿಂಗಳು. ಅದು ಡಯಲ್ ಬಂದ ಕಾಲಕ್ಕೆ ಹೊಂದದಿದ್ದರೆ ಎರಡು ಮೂರು ವಾಚು ಸೇರಿಸಿ ಒಂದು ಮಾಡಿದ್ದಾರೆ ಎಂದೇ ಲೆಕ್ಕ. ಅಂಥದ್ದರಲ್ಲಿ ಒಳಗಿನ ಪ್ರತಿ ಭಾಗವನ್ನೂ ಅನುಮಾನದಿಂದಲೇ ನೋಡಿ.

## ಹಂತ 4: ಡಯಲ್ ಮತ್ತು ಮುಳ್ಳು ತೆಗೆಯುವುದು

ಮೊದಲು ಮುಖ್ಯ ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಸಿ. ಮುಳ್ಳುಗಳನ್ನು ಸೊನ್ನೆಗೆ ತಂದು ಫೋಟೋ ತೆಗೆಯಿರಿ. ಕ್ರೋನೊಗ್ರಾಫ್ ಮುಳ್ಳುಗಳು ಕಂಬಿಯ ಮೇಲೆ ತುಂಬ ಬಿಗಿ. ಡಯಲಿಗೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಎರಡೂ ಕಡೆಯಿಂದ ಸಮನಾಗಿ, ನೆಟ್ಟಗೆ ಮೇಲಕ್ಕೆ ಎತ್ತಿ. ಓರೆ ಎತ್ತಿದರೆ ಕಂಬಿ ಬಾಗುತ್ತದೆ.

1960ರ ದಶಕಕ್ಕಿಂತ ಹಳೆಯ ಡಯಲಿನಲ್ಲಿ ಹೊಳೆಯುವ ಬಣ್ಣ ಇದ್ದರೆ ಅದು ರೇಡಿಯಂ ಇರಬಹುದು. ಹೊಳಪು ಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ. ಕೆರೆಯಬೇಡಿ, ಊದಬೇಡಿ, ಮೇಜಿನ ಹತ್ತಿರ ಫ್ಯಾನ್ ಬೇಡ. ಪುಡಿ ಉದುರುತ್ತಿದ್ದರೆ ಡಯಲನ್ನು ಜಿಪ್ ಚೀಲಕ್ಕೆ ಹಾಕಿ, ಮೇಜನ್ನು ಒದ್ದೆ ಕಾಗದದಲ್ಲಿ ಒರೆಸಿ, ಕೈ ತೊಳೆಯಿರಿ. ಮಕ್ಕಳಿರುವ ಮನೆಯಲ್ಲಂತೂ ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬೇಡಿ. ಡಯಲಿನ ಮುಖದ ಕೆಳತುದಿಯಲ್ಲಿ "ಟಿ ಸ್ವಿಸ್ ಟಿ" ಎಂಬ ಬರಹ ಇದ್ದರೆ ಟ್ರೀಷಿಯಂ, ಅದು ಆಮೇಲಿನ ಕಾಲದ್ದು.

## ಹಂತ 5: ಕ್ರೋನೊಗ್ರಾಫ್ ಪದರ ಬಿಚ್ಚುವುದು

ಒಂದು ಸ್ಕ್ರೂ, ಒಂದು ಫೋಟೋ. ಇದಕ್ಕೆ ಬೇರೆ ದಾರಿ ಇಲ್ಲ. ಒಂದೇ ಉದ್ದದಂತೆ ಕಾಣುವ ಸ್ಕ್ರೂಗಳಲ್ಲಿ ಹೆಗಲಿರುವುದು, ಇಲ್ಲದ್ದು ಎಂದು ಬೇರೆ ಬೇರೆ ಉಂಟು. ಹೆಗಲಿಲ್ಲದ ಸ್ಕ್ರೂವನ್ನು ಲಿವರಿಗೆ ಹಾಕಿದರೆ ಲಿವರ್ ಅಲ್ಲಾಡುವುದಿಲ್ಲ.

ಕೆಲವು ಸ್ಕ್ರೂಗಳು ಎಡಮುರಿ, ಅಂದರೆ ಉಲ್ಟಾ ತಿರುಗಿಸಿದರೆ ಬಿಚ್ಚುವಂಥವು. ತಲೆಯ ಮೇಲೆ ಮೂರು ಗೆರೆ ಇದ್ದರೆ ಅದೇ ಗುರುತು. ಗುರುತಿಲ್ಲದೆಯೂ ಇರಬಹುದು, ಮುಖ್ಯವಾಗಿ ಕಾಲಮ್ ವೀಲಿನ ಸ್ಕ್ರೂ. ಬಿಗಿ ಅನ್ನಿಸಿದರೆ ಬಲ ಹಾಕಬೇಡಿ. ಮೆಲ್ಲ ಇನ್ನೊಂದು ಕಡೆ ತಿರುಗಿಸಿ ನೋಡಿ.

ಸೊನ್ನೆಗೆ ತಂದ ಸ್ಥಿತಿಯಲ್ಲಿ ಕ್ರೋನೊಗ್ರಾಫ್ ಬ್ರಿಡ್ಜ್ (ಚಕ್ರಗಳನ್ನು ಮೇಲಿನಿಂದ ಹಿಡಿದಿರುವ ಪಟ್ಟಿ) ಬಿಚ್ಚಬೇಡಿ. ಆಗ ಮುಳ್ಳನ್ನು ಸೊನ್ನೆಗೆ ತರುವ ಸುತ್ತಿಗೆ ಎಂಬ ಲಿವರ್ ಹೃದಯದಾಕಾರದ ಕ್ಯಾಮನ್ನು ಒತ್ತಿ ಹಿಡಿದಿರುತ್ತದೆ. ಬ್ರಿಡ್ಜ್ ಎತ್ತಿದ ಕ್ಷಣ ಆ ಒತ್ತಡಕ್ಕೆ ಉದ್ದನೆಯ ಸಪೂರ ಕಂಬಿ ಬಾಗುತ್ತದೆ. ಮೊದಲು ಸುತ್ತಿಗೆಯ ಸ್ಪ್ರಿಂಗ್ ಸಡಿಲಿಸಿ. ನಡುವಿನ ಚಕ್ರದ ಅಡಿಯಲ್ಲಿ ಕೂದಲಿನಷ್ಟು ತೆಳುವಾದ ಒಂದು ಘರ್ಷಣೆ ಸ್ಪ್ರಿಂಗ್ ಇರುತ್ತದೆ. ಚಕ್ರ ಎತ್ತುವಾಗ ಅದು ಸಿಕ್ಕಿಕೊಂಡು ಮಡಚಿಹೋಗದಂತೆ ನೋಡಿಕೊಳ್ಳಿ.

ಪಕ್ಕದಿಂದ ಸೇರುವ ಬಗೆಯಲ್ಲಿ ನಾಲ್ಕನೇ ಚಕ್ರದ ಉದ್ದ ಮೊನೆಯ ಮೇಲೆ ಒಂದು ಚಾಲಕ ಚಕ್ರವನ್ನು ಬಿಗಿಯಾಗಿ ಕೂರಿಸಿರುತ್ತಾರೆ. ಅದನ್ನು ಸ್ಕ್ರೂಡ್ರೈವರ್‌ನಲ್ಲಿ ಮೀಟಿ ಎತ್ತಿದವರೆಲ್ಲ ಮೊನೆ ಮುರಿದುಕೊಂಡಿದ್ದಾರೆ. ಅದಕ್ಕೆಂದೇ ಇರುವ ಎಳೆಯುವ ಸಾಧನ ಬಳಸಿ. ಸೀಕೋ 6139ರ ಮೇಲೆ ಕೆಳಗಿನ ಕ್ಲಚ್ಚನ್ನು ಬಿಡಿಸಲು ಹೋಗಬೇಡಿ. ಇಡಿಯಾಗಿಯೇ ಇರಲಿ.

## ಹಂತ 6: ತೊಳೆಯುವುದು, ಮೂಲ ವಾಚನ್ನು ಮೊದಲು ಓಡಿಸುವುದು

ತೊಳೆಯುವ ರೀತಿ ಸಾಮಾನ್ಯ ವಾಚಿನದ್ದೇ. ಎರಡು ಮಾತು ಸಾಕು. ಪ್ಯಾಲೆಟ್ ಫೋರ್ಕನ್ನು ಆಲ್ಕೋಹಾಲಿನಲ್ಲಿ ನೆನೆಸಬೇಡಿ, ಕಲ್ಲು ಹಿಡಿದಿರುವ ಅರಗು ಕರಗುತ್ತದೆ. 6139ರ ಕ್ಲಚ್ಚನ್ನು ತೊಳೆದರೆ ಒಳಗಿನ ಎಣ್ಣೆ ಹೋಗುತ್ತದೆ, ಮತ್ತೆ ಹಾಕದೆ ಜೋಡಿಸಿದರೆ ಮುಳ್ಳು ತಡವರಿಸುತ್ತದೆ.

ಈಗ ಬಹಳ ಮಂದಿ ಹಾರಿಸಿಬಿಡುವ ಕೆಲಸ. ಕ್ರೋನೊಗ್ರಾಫ್ ಭಾಗ ಒಂದನ್ನೂ ಹಾಕದೆ ಮೂಲ ವಾಚನ್ನು ಮಾತ್ರ ಜೋಡಿಸಿ, ಪೂರ್ತಿ ಕೀ ಕೊಟ್ಟು, ಟೈಮ್‌ಗ್ರಾಫರ್ ಮೇಲೆ ಇಡಿ. ಯಂತ್ರದಲ್ಲಿ ಲಿಫ್ಟ್ ಆ್ಯಂಗಲ್ (ಪ್ರತಿ ಬಡಿತದಲ್ಲಿ ಪ್ಯಾಲೆಟ್ ಬ್ಯಾಲೆನ್ಸನ್ನು ಮುಟ್ಟಿರುವ ಕೋನ) ಸಾಮಾನ್ಯವಾಗಿ 52 ಎಂದಿರುತ್ತದೆ. ನಿಮ್ಮ ಮೂವ್‌ಮೆಂಟಿನದ್ದನ್ನು ಹಾಕಿ, ಉದಾಹರಣೆಗೆ 7750ಕ್ಕೆ 49. ಡಯಲ್ ಮೇಲ್ಮುಖವಾಗಿ ಇಟ್ಟಾಗ ಬ್ಯಾಲೆನ್ಸಿನ ಆಂದೋಲನ (ಒಂದು ತೂಗಿಗೆ ತಿರುಗುವ ಕೋನ) 270 ಡಿಗ್ರಿಯ ಆಸುಪಾಸಿಗೆ ಬರಬೇಕು. ಇಲ್ಲಿಯೇ 220 ಬಂದರೆ ಮುಂದೆ ಹೋಗಬೇಡಿ. ದುರ್ಬಲ ವಾಚಿನ ಮೇಲೆ ಕ್ರೋನೊಗ್ರಾಫ್ ಹೇರಿ, ಆಮೇಲೆ ನಿಂತಿತೆಂದು ಕ್ರೋನೊಗ್ರಾಫಿನ ಸ್ಕ್ರೂ ತಿರುಗಿಸುವುದು, ಅಲ್ಲಿಂದಲೇ ಎಲ್ಲ ಹಾಳಾಗುವುದು.

## ಹಂತ 7: ಜೋಡಣೆ, ಮತ್ತು ಮುಟ್ಟಬಾರದ ಆ ಸ್ಕ್ರೂಗಳು

ಕ್ರೋನೊಗ್ರಾಫ್ ಚಕ್ರಗಳ ಹಲ್ಲಿಗೆ ಎಣ್ಣೆ ಬೇಡ. ಚಾಲಕ ಚಕ್ರ, ಜೋಡಿಸುವ ಚಕ್ರ, ನಡುವಿನ ಚಕ್ರ, ಮೂರರದ್ದೂ ಹಲ್ಲು ಒಣಗಿರಬೇಕು. ಕಾಲಮ್ ವೀಲಿನ ಕಂಬಗಳ ಬದಿಗೆ ಗ್ರೀಸಿನ ತೆಳು ಪೊರೆ ಸಾಕು.

ತಲೆ ಒಂದು ಬದಿಗೆ ಸರಿದಂತೆ ಕೂತಿರುವ, ಏನನ್ನೂ ಬಿಗಿಹಿಡಿಯದ ಸ್ಕ್ರೂಗಳು ಕಾಣುತ್ತವೆ ಅಲ್ವಾ? ಅವು ಎಕ್ಸೆಂಟ್ರಿಕ್. ತಿರುಗಿಸಿದರೆ ಲಿವರುಗಳ ಅಂತರ ಬದಲಾಗುತ್ತದೆ. ಕಾರ್ಖಾನೆಯಲ್ಲಿ ಒಂದೊಂದು ವಾಚಿಗೆ ಬೇರೆ ಬೇರೆಯಾಗಿ ಹೊಂದಿಸಿದ್ದು ಅದು. ತೊಳೆದು, ಎಣ್ಣೆ ಹಾಕಿ, ಸರಿಯಾಗಿ ಜೋಡಿಸಿದ ಮೇಲೂ ದೋಷ ಉಳಿದರೆ ಮಾತ್ರ ಮುಟ್ಟಿ. ಮುಟ್ಟುವ ಮೊದಲು ಸ್ಕ್ರೂ ತಲೆಯ ಸೀಳಿನ ದಿಕ್ಕು ಕಾಣುವಂತೆ ಫೋಟೋ ತೆಗೆಯಿರಿ. ಒಂದು ಸಲಕ್ಕೆ ಆ ಸೀಳಿನ ಅಗಲದಷ್ಟು ಮಾತ್ರ ತಿರುಗಿಸಿ.

ಹೊಂದಿಸುವ ಕ್ರಮ ತಪ್ಪಬಾರದು, ಏಕೆಂದರೆ ಮೊದಲನೆಯದು ಬದಲಾದರೆ ಮುಂದಿನವೂ ಬದಲಾಗುತ್ತವೆ:

1. ಚಾಲಕ ಚಕ್ರ ಮತ್ತು ಜೋಡಿಸುವ ಚಕ್ರ. ಇವು ಸದಾ ಕೂಡಿರುತ್ತವೆ. ಹಲ್ಲುಗಳ ನಡುವೆ ಸ್ವಲ್ಪ ಆಟ ಇರಲೇಬೇಕು.
2. ಜೋಡಿಸುವ ಚಕ್ರ ಮತ್ತು ನಡುವಿನ ಚಕ್ರ. ಓಡುವಾಗ ಹಲ್ಲಿನ ಎತ್ತರದ ಸುಮಾರು ಮೂರನೇ ಎರಡು ಭಾಗ ಒಳಹೋಗಬೇಕು. ನಿಂತಾಗ ನಡುವೆ ಬೆಳಕು ಕಾಣಬೇಕು.
3. ನಡುವಿನ ಚಕ್ರದ ಬೆರಳು ಮತ್ತು ನಿಮಿಷದ ಚಕ್ರ. ಮುಳ್ಳು 58–59ಕ್ಕೆ ಬಂದಾಗ ನಿಮಿಷ ಅಲ್ಲಾಡತೊಡಗಿ, 60 ದಾಟುವ ಹೊತ್ತಿಗೆ ಒಂದು ಮನೆ ಪೂರ್ತಿ ಹಾರಿರಬೇಕು.
4. ನಿಮಿಷದ ಚಕ್ರವನ್ನು ಹಿಡಿಯುವ ಸ್ಪ್ರಿಂಗಿನ ಜಾಗ. ಹಾರಿದ ಮೇಲೆ ಮುಳ್ಳು ಗೆರೆಯ ಮೇಲೆ ನಿಲ್ಲಬೇಕು.

## ಹಂತ 8: ಲಕ್ಷಣ ನೋಡಿ ದೋಷ ಹಿಡಿಯುವುದು

ಕ್ರೋನೊಗ್ರಾಫ್ ಶುರು ಮಾಡಿದ ಕೂಡಲೇ ವಾಚು ನಿಂತರೆ ಹಲ್ಲು ತುಂಬ ಆಳಕ್ಕೆ ಹೋಗಿದೆ, ಇಲ್ಲವೇ ಹಂತ 6 ಹಾರಿಸಿದ್ದೀರಿ. ಪಕ್ಕದಿಂದ ಸೇರುವ ಬಗೆಯಲ್ಲಿ ಆಂದೋಲನ 20–30 ಡಿಗ್ರಿ ಇಳಿಯುವುದು ಸಹಜ. 60 ಇಳಿದರೆ ಎಲ್ಲೋ ಉಜ್ಜುತ್ತಿದೆ.

ಶುರುವಾಗುವಾಗ ಮುಳ್ಳು ಚೂರು ಹಾರಿದರೆ ಗಾಬರಿ ಬೇಡ. ಹಲ್ಲಿನ ತುದಿಗೆ ತುದಿ ಸಿಕ್ಕಾಗ ಹಾಗಾಗುತ್ತದೆ. ಆದರೆ ಓಡುವಾಗ ನಡುಗುತ್ತಾ ಹೋದರೆ ಘರ್ಷಣೆ ಸ್ಪ್ರಿಂಗ್ ಸಡಿಲವಾಗಿದೆ.

ಮುಳ್ಳು ಪ್ರತಿ ಸಲ ಸೊನ್ನೆಯಿಂದ ಒಂದೇ ಜಾಗಕ್ಕೆ ತಪ್ಪಿ ಬಂದರೆ ಮುಳ್ಳು ಕೂರಿಸಿದ್ದು ತಪ್ಪು. ಒಂದೊಂದು ಸಲ ಒಂದೊಂದು ಕಡೆ ಬಂದರೆ ಮುಳ್ಳಿನ ಕೊಳವೆ ಸಡಿಲ, ಕಂಬಿಯ ಮೇಲೆ ಜಾರುತ್ತಿದೆ. ಕೊಳವೆಯನ್ನು ಬಿಗಿ ಮಾಡಿ. ಅಂಟು ಹಾಕಬೇಡಿ, ಅದು ಕಂಬಿಯ ಜೊತೆ ಇಳಿದು ಒಳಗೆಲ್ಲ ಹಿಡಿಯುತ್ತದೆ. ಅಂಥ ಅಂಟನ್ನು ನಾನು ಮೂರು ವಾಚುಗಳಿಂದ ಕೆರೆದು ತೆಗೆದಿದ್ದೇನೆ.

ವಾಲ್‌ಜೂ 72 ಥರದವುಗಳಲ್ಲಿ ಕ್ರೋನೊಗ್ರಾಫ್ ನಿಂತಿದ್ದರೂ ಗಂಟೆಯ ಮುಳ್ಳು ಮೆಲ್ಲ ತೆವಳಿದರೆ ದೋಷ ಡಯಲಿನ ಅಡಿಯಲ್ಲಿ. ಗಂಟೆ ಎಣಿಸುವ ಭಾಗಕ್ಕೆ ಶಕ್ತಿ ಬ್ಯಾರಲ್‌ನಿಂದ (ಮುಖ್ಯ ಸ್ಪ್ರಿಂಗ್ ಇರುವ ಡಬ್ಬಿಯಿಂದ) ಬರುತ್ತದೆ. ಅಲ್ಲಿನ ಘರ್ಷಣೆ ಹೆಚ್ಚಾಗಿದೆ, ಅಥವಾ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ. ಬೆನ್ನಿನ ಕಡೆ ಹುಡುಕಿ ಸಮಯ ಹಾಳು ಮಾಡಬೇಡಿ.

## ಹಂತ 9: ಕೇಸಿಗೆ ಹಾಕುವುದು

ಗುಂಡಿಗಳ ಕೊಳವೆಯನ್ನು ಮರದ ಕಡ್ಡಿಯಿಂದ ಚೆನ್ನಾಗಿ ಕೆರೆದು ತೆಗೆಯಿರಿ. ನಮ್ಮ ಕಡೆಯ ವಾಚುಗಳಲ್ಲಿ ಬೆವರಿನ ಉಪ್ಪು ಅಲ್ಲೇ ಗಟ್ಟಿಯಾಗಿರುತ್ತದೆ. ಗುಂಡಿ ಒತ್ತಿ ಬಿಟ್ಟಾಗ ತಾನೇ ಪೂರ್ತಿ ಹೊರಬರಬೇಕು. ಅರ್ಧಕ್ಕೆ ನಿಂತರೆ ಒಳಗಿನ ಲಿವರ್ ಒತ್ತಿಹಿಡಿದಂತಾಗಿ, ಸರಿಯಾಗಿ ಹೊಂದಿಸಿದ ಮೂವ್‌ಮೆಂಟ್ ಕೆಟ್ಟದ್ದರಂತೆ ನಡೆದುಕೊಳ್ಳುತ್ತದೆ. ರಬ್ಬರ್ ಉಂಗುರಗಳನ್ನು ಹೊಸದು ಹಾಕಿ.

ಮುಚ್ಚಿದ ಮೇಲೆ ಎರಡು ದಿನ ನೋಡಿ. ಮೊದಲ ದಿನ ಕ್ರೋನೊಗ್ರಾಫ್ ನಿಲ್ಲಿಸಿ, ಎರಡನೇ ದಿನ ಓಡಿಸಿ. ಎರಡೂ ದಿನ ಸಂಜೆ ರೇಡಿಯೊ ಅಥವಾ ಮೊಬೈಲ್ ಸಮಯಕ್ಕೆ ಹೋಲಿಸಿ, ವ್ಯತ್ಯಾಸ ಬರೆದಿಡಿ. ಆ ಚೀಟಿಯಲ್ಲೇ ಮೂವ್‌ಮೆಂಟಿನ ಸಂಖ್ಯೆ, ಆಘಾತ ತಡೆ ಉಂಟೋ ಇಲ್ಲವೋ, ಯಾವ ಎಕ್ಸೆಂಟ್ರಿಕ್ ಎಷ್ಟು ತಿರುಗಿಸಿದಿರಿ ಎಂಬುದನ್ನೂ ಬರೆದು ವಾಚಿನ ಡಬ್ಬಿಯಲ್ಲಿ ಹಾಕಿ. ಮುಂದಿನ ಸಲ ಅದನ್ನು ಬಿಚ್ಚುವವರು ಹಂತ 2 ಮತ್ತು 3ಕ್ಕೆ ಮತ್ತೆ ಅಲೆಯಬೇಕಾಗಿಲ್ಲ.